ಮೈ ಇಲ್ಲೇ, ಮನಸ್ಸು ಎಲ್ಲೋ: ‘ಝೋನ್ ಔಟ್’ ಮತ್ತದರ ನೆಂಟರಿಷ್ಟರು

ಇಂಗ್ಲಿಷ್ ಮಾತಿನ ಒಳಹೊರಗುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರ ಕೊಡುತ್ತೇವೆ. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಬೇಸರದ ಸುತ್ತಲೇ ಇದ್ದವು. ಬೇಸರವನ್ನು ಕನ್ನಡದಲ್ಲಿ ಸಲೀಸಾಗಿ ಹೇಳಿಬಿಡುವ ನಾಲಿಗೆ ಇಂಗ್ಲಿಷಿನಲ್ಲಿ ತೊಡರುತ್ತದೆ ಎಂಬುದೇ ಎಲ್ಲರ ದೂರು. ಆದ್ದರಿಂದ ಅಂಥ ಪ್ರಶ್ನೆಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿದ್ದೇವೆ.

ಪ್ರಶ್ನೆ: ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿ ಅಮೆರಿಕದ ಸಹೋದ್ಯೋಗಿಯೊಬ್ಬರು ‘ಸಾರಿ, ಐ ಝೋನ್ಡ್ ಔಟ್ ಫಾರ್ ಎ ಸೆಕೆಂಡ್’ ಅಂದರು. ಝೋನ್ ಅಂದರೆ ವಲಯ. ವಲಯದಿಂದ ಹೊರಗೆ ಹೋದೆ ಅಂತಲೇ ಅರ್ಥ? ನಾನೂ ಹಾಗೆ ಹೇಳಬಹುದೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಅವರು ಹೇಳಿದ್ದು ಇಷ್ಟು: ‘ಕ್ಷಮಿಸಿ, ಒಂದು ಗಳಿಗೆ ನನ್ನ ಗಮನ ಇಲ್ಲಿರಲಿಲ್ಲ.’ ನಮ್ಮಲ್ಲಿ ಇದಕ್ಕೆ ‘ಪರಧ್ಯಾನ’ ಎಂಬ ಅಚ್ಚುಕಟ್ಟಾದ ಮಾತಿದೆ. ಪಾಠದ ನಡುವೆ ಕಿಟಕಿಯಾಚೆ ನೋಡುವ ಹುಡುಗನನ್ನು ಮೇಷ್ಟ್ರು ‘ಏನೋ ಪರಧ್ಯಾನ?’ ಎಂದು ಎಚ್ಚರಿಸುತ್ತಾರಲ್ಲ, ಅದೇ. ಕಣ್ಣು ತೆರೆದಿರುತ್ತದೆ, ತಲೆ ಹೂಂಗುಟ್ಟುತ್ತಲೂ ಇರಬಹುದು, ಮಾತು ಮಾತ್ರ ಒಳಕ್ಕೆ ಇಳಿಯುತ್ತಿರುವುದಿಲ್ಲ.

ವಲಯದ ಲೆಕ್ಕ ಇಲ್ಲಿ ಅಷ್ಟು ನೆರವಿಗೆ ಬರುವುದಿಲ್ಲ. ‘ಝೋನ್’ ಗ್ರೀಕ್ ಮೂಲದ ಪದ, ಅಲ್ಲಿ ಸೊಂಟಪಟ್ಟಿಗೆ ಆ ಹೆಸರು. ಭೂಮಿಯನ್ನು ಸೊಂಟಪಟ್ಟಿಯಂತೆ ಸುತ್ತಿದ ಹವಾಮಾನದ ಪಟ್ಟೆಗಳಿಗೆ ಆ ಹೆಸರು ಬಂದು, ಅಲ್ಲಿಂದ ವಲಯ ಎಂಬ ಅರ್ಥಕ್ಕೆ ಹರಡಿತು. ನೀವು ಗಮನಿಸಬೇಕಾದದ್ದು ‘ಔಟ್’ ಅನ್ನು. ದೀಪ ಆರಿತು ಎನ್ನಲು ಇಂಗ್ಲಿಷಿನವರು ‘ದ ಲ್ಯಾಂಪ್ ವೆಂಟ್ ಔಟ್’ ಅನ್ನುತ್ತಾರೆ. ಪ್ರಜ್ಞೆ ತಪ್ಪಿದರೆ ‘ಪಾಸ್ ಔಟ್’, ಕಣ್ಣು ಕತ್ತಲೆ ಬಂದು ಬಿದ್ದರೆ ‘ಬ್ಲ್ಯಾಕ್ ಔಟ್’. ಇವೆಲ್ಲದರಲ್ಲೂ ಔಟ್ ಅಂದರೆ ಒಳಗಿನ ದೀಪ ಆರುವುದು. ‘ಝೋನ್ ಔಟ್’ನಲ್ಲಿ ದೀಪ ಪೂರ್ತಿ ಆರುವುದಿಲ್ಲ, ಕುಡಿ ಸಣ್ಣದಾಗುತ್ತದೆ, ಯಾರಾದರೂ ಹೆಸರು ಕರೆದರೆ ಮತ್ತೆ ಉರಿಯುತ್ತದೆ. (ಅಂದಹಾಗೆ, ಪದವಿ ಮುಗಿಸಿದ್ದನ್ನು ‘ಐ ಪಾಸ್ಡ್ ಔಟ್ ಇನ್ 2015’ ಎಂದು ಬಯೋಡೇಟಾದಲ್ಲಿ ಬರೆಯುವ ರೂಢಿ ನಮ್ಮಲ್ಲಿದೆ. ಪೊಲೀಸ್, ಸೇನಾ ತರಬೇತಿಯ ‘ಪಾಸಿಂಗ್ ಔಟ್ ಪೆರೇಡ್’ ಸರಿಯೇ. ಕಾಲೇಜಿನ ಮಟ್ಟಿಗೆ ಹೊರದೇಶದವರು ಓದಿದರೆ ‘2015ರಲ್ಲಿ ಮೂರ್ಛೆ ಹೋದೆ’ ಎಂದಾಗುತ್ತದೆ. ‘ಗ್ರಾಜುಯೇಟೆಡ್’ ಎಂದು ಬರೆಯಿರಿ.)

ಬಳಕೆಯ ವಿಷಯಕ್ಕೆ ಬಂದರೆ, ‘ಝೋನ್ ಔಟ್’ ಅಕರ್ಮಕ ಕ್ರಿಯಾಪದವೆಂದೇ ಹಿಡಿಯಿರಿ. ಅಂದರೆ ಅದಕ್ಕೆ ಕರ್ಮ ಬೇಡ. ‘ಐ ಝೋನ್ಡ್ ಔಟ್ ಯುವರ್ ಸ್ಪೀಚ್’ ಎಂದರೆ ವಾಕ್ಯ ಕುಂಟುತ್ತದೆ. ಯಾವಾಗ ಎಂಬುದನ್ನು ‘ಡ್ಯೂರಿಂಗ್’ ಇಲ್ಲವೇ ‘ವೈಲ್’ ಹಾಕಿ ಜೋಡಿಸಿ: ‘ಐ ಝೋನ್ಡ್ ಔಟ್ ಡ್ಯೂರಿಂಗ್ ದ ಬಜೆಟ್ ಪಾರ್ಟ್’, ‘ಐ ಝೋನ್ಡ್ ಔಟ್ ವೈಲ್ ಹಿ ವಾಸ್ ಟಾಕಿಂಗ್’. ಎಷ್ಟು ಹೊತ್ತು ಎಂಬುದಕ್ಕೆ ‘ಫಾರ್’. ಪದೇ ಪದೇ ಆಗುತ್ತಿದ್ದರೆ ‘ಐ ಕೀಪ್ ಝೋನಿಂಗ್ ಔಟ್’. ಆ ಸ್ಥಿತಿಯಲ್ಲಿದ್ದೆ ಎನ್ನಲು ‘ಐ ವಾಸ್ ಝೋನ್ಡ್ ಔಟ್’ ಸರಿ, ಆದರೆ ಅಲ್ಲೊಂದು ಎಚ್ಚರ: ಈ ರೂಪಕ್ಕೆ ಅಮಲಿನಲ್ಲಿದ್ದೆ ಎಂಬ ವಾಸನೆಯೂ ಅಂಟಿಕೊಂಡಿದೆ. ಮೇಲಧಿಕಾರಿಯ ಮುಂದೆ ಕ್ರಿಯಾರೂಪವೇ ಕ್ಷೇಮ.

ಕೆಲವರು ‘ಝೋನ್ ಔಟ್ ದ ನಾಯ್ಸ್’ ಎಂದು ಕರ್ಮ ಸೇರಿಸಿಯೂ ಹೇಳುತ್ತಾರೆ. ಆ ಅರ್ಥಕ್ಕೆ ‘ಟ್ಯೂನ್ ಔಟ್’ ಎಂಬ ಬೇರೆ ಗಟ್ಟಿ ಪದ ಇರುವಾಗ ಕಲಿಯುವವರು ಅತ್ತ ಹೋಗಬೇಕಿಲ್ಲ.

ನೀವು ಹೇಳಬಹುದೇ ಎಂದರೆ, ಇದು 20ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಆಡುನುಡಿಯಿಂದ ಹರಡಿದ ಸಲಿಗೆಯ ಮಾತು. ಸಮಾನರ ನಡುವೆ, ತಮ್ಮ ಬಗ್ಗೆ ತಾವೇ ನಗುತ್ತಾ ಹೇಳಿಕೊಳ್ಳಲು ಚೆನ್ನ. ಗ್ರಾಹಕರ ಮುಂದೆ, ಸಂದರ್ಶನದಲ್ಲಿ, ಇಮೇಲಿನಲ್ಲಿ ಬೇಡ. ಅಲ್ಲಿ ‘ಸಾರಿ, ಐ ಮಿಸ್ಡ್ ದಟ್. ಕುಡ್ ಯು ಸೇ ಇಟ್ ಅಗೇನ್?’ ಎಂದರೆ ಸಾಕು, ತಪ್ಪು ನಿಮ್ಮದೋ ನೆಟ್‌ವರ್ಕಿನದೋ ಎಂದು ಯಾರೂ ಕೆದಕುವುದಿಲ್ಲ. ಇನ್ನೊಬ್ಬರಿಗೆ ‘ಯು ಝೋನ್ಡ್ ಔಟ್’ ಎಂದರೆ ಅದು ಆರೋಪ. ಮೇಷ್ಟ್ರ ಧ್ವನಿ ಬಂದುಬಿಡುತ್ತದೆ.

ಉಚ್ಚಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇವೆ, ಏಕೆಂದರೆ ಕನ್ನಡಿಗರು ಎಡವುವುದು ಇಲ್ಲೇ. ಬರೆಯುವಾಗ ‘ಝ’ ಹಾಕುತ್ತೇವೆ, ಹೇಳುವಾಗ ‘ಜೋನ್’ ಆಗುತ್ತದೆ. ಕೇಳುವವರಿಗೆ ಅದು ಯಾರದೋ ಹೆಸರು. ‘ಸ್ಸ್ಸ್’ ಎಂದು ಹಾವಿನಂತೆ ಎಳೆಯಿರಿ. ನಾಲಿಗೆಯನ್ನು ಅಲ್ಲೇ ಇಟ್ಟು, ಕತ್ತಿನ ಮೇಲೆ ಎರಡು ಬೆರಳಿಟ್ಟು, ಗಂಟಲು ನಡುಗುವಂತೆ ದನಿ ಸೇರಿಸಿ. ಹೊರಡುವ ದುಂಬಿಯ ಸದ್ದೇ ಬೇಕಾದ ಅಕ್ಷರ. ನಾಲಿಗೆ ಅಂಗುಳಕ್ಕೆ ತಟ್ಟಿದರೆ ಅದು ಮತ್ತೆ ‘ಜ’. ಎರಡು ಪದಗಳ ನಡುವೆ ನಿಲ್ಲಬೇಡಿ. ನಮ್ಮ ಸಂಧಿಯ ಹಾಗೆ ‘ಝೋನೌಟ್’, ‘ಝೋನ್ಡೌಟ್’ ಎಂದು ಕೂಡಿ ಬರಲಿ, ಒತ್ತು ‘ಔಟ್’ ಮೇಲೆ ಬೀಳಲಿ. ‘ಝೋನ್’ ಮೇಲೆ ಒತ್ತು ಹಾಕಿ ‘ಔಟ್’ ಅನ್ನು ನುಂಗಿದರೆ ಪದ ಗುರುತೇ ಸಿಗುವುದಿಲ್ಲ.

ಪ್ರಶ್ನೆ: ನಿಘಂಟಿನಲ್ಲಿ ‘ಝೋನ್ ಔಟ್’, ‘ಟ್ಯೂನ್ ಔಟ್’, ‘ಸ್ವಿಚ್ ಆಫ್’ ಎಲ್ಲಕ್ಕೂ ‘ಗಮನ ಕೊಡದಿರು’ ಎಂದೇ ಇದೆ. ಮಕ್ಕಳಿಗೆ ವ್ಯತ್ಯಾಸ ಹೇಗೆ ಹೇಳಲಿ? (ಮೈಸೂರಿನ ಶಿಕ್ಷಕಿ)

ಉತ್ತರ: ಒಂದೇ ಸಭೆಯಲ್ಲಿ ಮೂವರನ್ನು ಕೂರಿಸಿ ತೋರಿಸಿ. ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆ. ಅಧ್ಯಕ್ಷರು ನೀರಿನ ಬಿಲ್ಲಿನ ಬಗ್ಗೆ 40 ನಿಮಿಷದಿಂದ ಮಾತಾಡುತ್ತಿದ್ದಾರೆ.

ಮೊದಲನೆಯವರು ಕೇಳಬೇಕೆಂದೇ ಕುಳಿತರು. ಹತ್ತನೇ ನಿಮಿಷಕ್ಕೆ ಮನಸ್ಸು ಊರಿನ ತೋಟಕ್ಕೆ ಹೋಯಿತು, ಹೋದದ್ದು ಅವರಿಗೂ ಗೊತ್ತಾಗಲಿಲ್ಲ. ಅದು ‘ಝೋನ್ ಔಟ್’. ಇಲ್ಲಿ ಉದ್ದೇಶವಿಲ್ಲ, ಜಾರಿದ್ದಷ್ಟೇ. ಎರಡನೆಯವರು ಅಧ್ಯಕ್ಷರ ಧ್ವನಿಯನ್ನು ಬೇಕೆಂದೇ ಬದಿಗೆ ಸರಿಸಿ ಪಕ್ಕದವರ ಜೊತೆ ಪಿಸುಮಾತಿಗೆ ಇಳಿದರು. ಅದು ‘ಟ್ಯೂನ್ ಔಟ್’, ನಮ್ಮ ಜಾಣಕಿವುಡು. ಹಳೆಯ ರೇಡಿಯೋದ ತಿರುಗಣೆ ನೆನಪಿಸಿಕೊಳ್ಳಿ: ಮುಳ್ಳನ್ನು ಒಂದು ಕೇಂದ್ರಕ್ಕೆ ಕೂಡಿಸಿದರೆ ‘ಟ್ಯೂನ್ ಇನ್’, ಬೇಡದ ಕೇಂದ್ರದಿಂದ ಸರಿಸಿದರೆ ‘ಟ್ಯೂನ್ ಔಟ್’. ತಿರುಗಣೆಯ ಮೇಲೆ ಕೈ ನಮ್ಮದೇ ಇರುತ್ತದೆ, ಅದೇ ಮುಖ್ಯ. ಮೂರನೆಯವರು ‘ಇದರಲ್ಲಿ ನನಗೇನೂ ಇಲ್ಲ’ ಎಂದು ಆಸಕ್ತಿ ಕಳೆದುಕೊಂಡು ಸುಮ್ಮನೆ ಕುಳಿತರು. ಅದು ‘ಸ್ವಿಚ್ ಆಫ್’, ಬ್ರಿಟನ್ನಿನ ಕಡೆ ಹೆಚ್ಚು ಕೇಳಿಬರುವ ಮಾತು. ‘ಆಸ್ ಸೂನ್ ಆಸ್ ಹಿ ಮೆನ್ಷನ್ಸ್ ಮನಿ, ಐ ಸ್ವಿಚ್ ಆಫ್.’ ಅಣಕವೆಂದರೆ, ವೇದಿಕೆಯಿಂದ ನೋಡುವ ಅಧ್ಯಕ್ಷರಿಗೆ ಮೂವರ ಮುಖವೂ ಒಂದೇ ಥರ ಕಾಣುತ್ತದೆ. ಅವರು ಹೇಳಬಹುದಾದದ್ದು ನಾಲ್ಕನೆಯ ಮಾತು: ‘ದೇರ್ ಐಸ್ ಗ್ಲೇಜ್ಡ್ ಓವರ್’. ಇದಕ್ಕೆ ಕರ್ತೃ ಮನುಷ್ಯನಲ್ಲ, ಕಣ್ಣು. ‘ಗ್ಲೇಜ್’ ಮತ್ತು ‘ಗ್ಲಾಸ್’ ಒಂದೇ ಬೇರಿನವು. ಮಣ್ಣಿನ ಪಾತ್ರೆಗೆ ಗಾಜಿನ ಲೇಪ ಕೊಟ್ಟ ಹಾಗೆ ಕಣ್ಣಿನ ಮೇಲೊಂದು ಪದರ ಬಂತು, ಹೊಳಪಿದೆ, ನೋಟವಿಲ್ಲ ಎಂದು ಭಾವ.

‘ಸ್ವಿಚ್ ಆಫ್’ಗೆ ಬೈಗುಳವಲ್ಲದ ಅರ್ಥವೂ ಉಂಟು. ಕೆಲಸ ಮುಗಿದ ಮೇಲೂ ತಲೆಯಲ್ಲಿ ಆಫೀಸೇ ತಿರುಗುತ್ತಿದ್ದರೆ ‘ಐ ಕಾಂಟ್ ಸ್ವಿಚ್ ಆಫ್’ ಅನ್ನುತ್ತಾರೆ. ‘ಝೋನ್ ಔಟ್’ ಕೂಡ ಹಾಗೇ: ಟಿ.ವಿ. ಮುಂದೆ ಏನೂ ಯೋಚಿಸದೆ ಕೂರುವುದನ್ನು ಅದರಿಂದ ಸುಖವಾಗಿಯೇ ಹೇಳಬಹುದು. ‘ಟ್ಯೂನ್ ಔಟ್’ಗೆ ಈ ಸುಖ ಇಲ್ಲ.

ಇವುಗಳ ಜೊತೆ ‘ಸ್ಪೇಸ್ ಔಟ್’ ಎಂಬುದನ್ನೂ ಕೇಳುತ್ತೀರಿ. ಅರ್ಥ ಹೆಚ್ಚುಕಡಿಮೆ ‘ಝೋನ್ ಔಟ್’ನದೇ, ಆದರೆ 1960ರ ದಶಕದ ಅಮಲಿನ ಲೋಕದಿಂದ ಬಂದದ್ದು, ಆ ಜಾಡು ಇನ್ನೂ ಪೂರ್ತಿ ಅಳಿಸಿಲ್ಲ. ಸಾಲದ್ದಕ್ಕೆ ‘ಸ್ಪೇಸ್ ಔಟ್ ದ ಚೇರ್ಸ್’ ಎಂದರೆ ಕುರ್ಚಿಗಳನ್ನು ದೂರ ದೂರ ಹಾಕು ಎಂದರ್ಥ. ಮಕ್ಕಳಿಗೆ ಸದ್ಯಕ್ಕೆ ಬೇಡ.

ಪ್ರಶ್ನೆ: ‘ಟ್ಯೂನ್ ಔಟ್ ಹಿಮ್’ ಎಂದು ಬರೆದದ್ದಕ್ಕೆ ನನ್ನ ಅಂಕ ಹೋಯಿತು. ‘ಟ್ಯೂನ್ ಔಟ್ ದ ನಾಯ್ಸ್’ ಸರಿಯಾದರೆ ಇದೇಕೆ ತಪ್ಪು? (ದಾವಣಗೆರೆಯ ವಿದ್ಯಾರ್ಥಿ)

ಉತ್ತರ: ಅಂಕ ಹೋದದ್ದು ನ್ಯಾಯವೇ. ‘ಟ್ಯೂನ್ ಔಟ್’ ಬಿಡಿಸಬಹುದಾದ ಜೋಡಿ. ಕರ್ಮ ನಾಮಪದವಾಗಿದ್ದರೆ ಅದು ಎಲ್ಲಿ ಬೇಕಾದರೂ ಕೂರುತ್ತದೆ: ‘ಟ್ಯೂನ್ ಔಟ್ ದ ನಾಯ್ಸ್’, ‘ಟ್ಯೂನ್ ದ ನಾಯ್ಸ್ ಔಟ್’. ಸರ್ವನಾಮವಾದರೆ ನಡುವೆಯೇ ಕೂರಬೇಕು: ‘ಟ್ಯೂನ್ ಹಿಮ್ ಔಟ್’, ‘ಟ್ಯೂನ್ ಇಟ್ ಔಟ್’. ಕಾರಣ ಒತ್ತಿನಲ್ಲಿದೆ. ಇಂಗ್ಲಿಷ್ ವಾಕ್ಯದ ತುದಿಯಲ್ಲಿ ಭಾರವಾದ, ಹೊಸ ಸಂಗತಿ ಹೇಳುವ ಪದ ಬರಬೇಕೆಂಬ ಒಲವಿದೆ. ‘ಹಿಮ್’, ‘ಇಟ್’ ಹಗುರ, ಆಗಲೇ ಗೊತ್ತಿರುವವು. ಅವು ಒಳಕ್ಕೆ ಸರಿದು ‘ಔಟ್’ಗೆ ತುದಿಯ ಜಾಗ ಬಿಟ್ಟುಕೊಡುತ್ತವೆ.

ನಿಘಂಟು ನೋಡುವಾಗ ಅದರ ಗುರುತುಗಳನ್ನೂ ಓದಿ. ‘ಟ್ಯೂನ್’ ಎಂಬ ಮುಖ್ಯ ನಮೂದಿನ ಕೆಳಗೆ ಕಡೆಯಲ್ಲಿ ಈ ಜೋಡಿಪದಗಳಿರುತ್ತವೆ. ಕ್ರಿಯಾಪದ ಮತ್ತು ‘ಔಟ್’ ನಡುವೆ ‘ಸಂಬಡಿ’, ‘ಸಂಥಿಂಗ್’ ಎಂದೋ ಅವುಗಳ ಸಂಕ್ಷಿಪ್ತ ರೂಪವೋ ಇದ್ದರೆ ಕರ್ಮ ಬೇಕು ಎಂದರ್ಥ. ಕೆಲವು ನಿಘಂಟುಗಳು ಅಲ್ಲಿ ಎರಡೂ ಕಡೆ ಮೊನೆಯಿರುವ ಬಾಣ ಹಾಕಿರುತ್ತವೆ, ಅಂದರೆ ಕರ್ಮ ಆಚೆಗೂ ಈಚೆಗೂ ಓಡಾಡಬಹುದು. ‘ಝೋನ್ ಔಟ್’, ‘ನಾಡ್ ಆಫ್’ ಮುಂತಾದವುಗಳ ನಡುವೆ ಏನೂ ಇರುವುದಿಲ್ಲ, ಬಿಡಿಸಲು ಹೋಗಬೇಡಿ.

ಪ್ರಶ್ನೆ: ‘ಐ ಆಮ್ ಬೋರಿಂಗ್’ ಅಂದಾಗ ಮಗಳು ನಗುತ್ತಾಳೆ. ‘ಐ ಆಮ್ ಗೆಟ್ಟಿಂಗ್ ಬೋರ್’ ಅಂದರೂ ನಗುತ್ತಾಳೆ. ಏನು ಹೇಳಬೇಕು? (ಮಗಳ ಮನೆಯಲ್ಲಿ ಟೆಕ್ಸಸ್‌ನಲ್ಲಿರುವ ತಾಯಿ, ಊರು ಹಾಸನ)

ಉತ್ತರ: ‘ಐ ಆಮ್ ಬೋರ್ಡ್’ ಅನ್ನಿ, ಅಥವಾ ‘ಐ ಆಮ್ ಗೆಟ್ಟಿಂಗ್ ಬೋರ್ಡ್’. ನಗು ಬಂದದ್ದು ಏಕೆಂದರೆ ‘ಐ ಆಮ್ ಬೋರಿಂಗ್’ ಎಂದರೆ ‘ನಾನು ಇತರರ ತಲೆ ತಿನ್ನುವವಳು’ ಎಂದಾಗುತ್ತದೆ.

ಈ ತಪ್ಪಿಗೆ ದಡ್ಡತನ ಕಾರಣವಲ್ಲ, ಕನ್ನಡದ ಒಳ್ಳೆಯ ವ್ಯಾಕರಣ ಕಾರಣ. ನಾವು ‘ನನಗೆ ಬೋರಾಗ್ತಿದೆ’ ಅನ್ನುತ್ತೇವೆ. ‘ನನಗೆ’ ಎಂಬುದು ಚತುರ್ಥಿ. ಅನುಭವ ನಮ್ಮ ಮೇಲೆ ಬಂದು ಕೂರುತ್ತದೆ, ನಾವು ಅದನ್ನು ಮಾಡುವುದಿಲ್ಲ. ಹಸಿವು, ಚಳಿ, ಭಯ, ಬೇಸರ ಎಲ್ಲವೂ ಹೀಗೇ. ಇಂಗ್ಲಿಷ್ ಈ ಸೌಲಭ್ಯ ಕೊಡುವುದಿಲ್ಲ, ‘ಐ’ ಎಂದೇ ಶುರುಮಾಡಬೇಕು. ಆಗ ‘ಆಗ್ತಿದೆ’ಯ ‘ತಿದೆ’ಯನ್ನು ನಾಲಿಗೆ ತಾನಾಗಿ ‘ಇಂಗ್’ ಮಾಡಿಬಿಡುತ್ತದೆ. ಎರಡನೇ ತಪ್ಪಿನ ಮೂಲವೂ ನಮ್ಮಲ್ಲೇ ಇದೆ: ‘ಬೋರ್’ ಅನ್ನು ನಾಮಪದವಾಗಿ ಸಾಲ ತಂದು ‘ಬೋರ್ ಆಯ್ತು’, ‘ಬೋರ್ ಹೊಡೀತು’ ಎಂದು ರೂಢಿಸಿಕೊಂಡಿದ್ದರಿಂದ ಕೊನೆಯ ‘ಡ್’ ಅನಾವಶ್ಯಕವೆನಿಸುತ್ತದೆ.

ತಾಳೆ ನೋಡಲು ಒಂದು ದಾರಿ ಇದೆ. ‘ಹಸಿವಾಗ್ತಿದೆ’ ಎನ್ನಲು ‘ಐ ಆಮ್ ಹಂಗ್ರಿ’ ಅನ್ನುತ್ತೀರಲ್ಲ, ಅಲ್ಲಿ ‘ಇಂಗ್’ ಇಲ್ಲ. ‘ಹಂಗ್ರಿ’ ಇರುವ ಜಾಗದಲ್ಲಿ ‘ಬೋರ್ಡ್’ ಇಡಿ. ಬೇಸರ ತರಿಸುವ ವಸ್ತುವಿಗೆ ಮಾತ್ರ ‘ಬೋರಿಂಗ್’: ‘ದ ಸೀರಿಯಲ್ ಈಸ್ ಬೋರಿಂಗ್’. ‘ಬೋರ್’ ನಾಮಪದವಾಗಿ ಇಂಗ್ಲಿಷಿನಲ್ಲೂ ಇದೆ, ಮುಂದೆ ‘ಎ’ ಬೇಕಷ್ಟೇ: ‘ಇಟ್ಸ್ ಎ ಬೋರ್’, ‘ಹಿ ಈಸ್ ಎ ಬೋರ್’.

ಯಾವುದರಿಂದ ಬೇಸರ ಎನ್ನಲು ‘ವಿತ್’ ಅಥವಾ ‘ಬೈ’ ಬಳಸಿ: ‘ಬೋರ್ಡ್ ವಿತ್ ವೇಟಿಂಗ್’. ‘ಬೋರ್ಡ್ ಆಫ್’ ಈಗ ಎಲ್ಲೆಡೆ ಕೇಳುತ್ತದೆ, ಕಿರಿಯರಲ್ಲಿ ಹೆಚ್ಚು. ಮಾತಿನಲ್ಲಿ ಯಾರೂ ತಪ್ಪು ಹಿಡಿಯುವುದಿಲ್ಲ, ಪರೀಕ್ಷೆಯಲ್ಲಿ ಹಿಡಿಯುವವರಿದ್ದಾರೆ. ಮೊಮ್ಮಕ್ಕಳ ಮುಂದೆ ಗತ್ತು ತೋರಬೇಕೆಂದರೆ ‘ಐ ಆಮ್ ಬೋರ್ಡ್ ಟು ಟಿಯರ್ಸ್’ ಅನ್ನಿ. ಅಳು ಬರುವಷ್ಟು ಬೇಸರ.

ಪ್ರಶ್ನೆ: ತೂಕಡಿಸುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಪದ! ‘ನಾಡ್ ಆಫ್’, ‘ಡೋಜ್ ಆಫ್’, ‘ಡ್ರಾಪ್ ಆಫ್’, ‘ಸ್ಲೀಪ್ ಆಫ್’. ಎಲ್ಲ ಒಂದೇನೇ? (ಮಂಗಳೂರಿನ ಓದುಗರು)

ಉತ್ತರ: ಮೊದಲು ಕೊನೆಯದನ್ನು ಪಟ್ಟಿಯಿಂದ ಕಿತ್ತುಹಾಕಿ. ‘ಐ ಸ್ಲೆಪ್ಟ್ ಆಫ್ ಇನ್ ದ ಬಸ್’ ನಮ್ಮ ಕಡೆ ಧಾರಾಳವಾಗಿ ಕೇಳಿಬರುತ್ತದೆ, ಆದರೆ ಲಂಡನ್ನಿನಲ್ಲಾಗಲಿ ಶಿಕಾಗೋದಲ್ಲಾಗಲಿ ಹೀಗೆ ಹೇಳುವುದಿಲ್ಲ. ಅಲ್ಲಿ ‘ಸ್ಲೀಪ್ ಆಫ್’ಗೆ ಕರ್ಮ ಬೇಕು, ಅರ್ಥ ನಿದ್ದೆ ಮಾಡಿ ಕಳೆದುಕೊಳ್ಳುವುದು: ‘ಸ್ಲೀಪ್ ಆಫ್ ಎ ಹೆಡೇಕ್’, ಮಲಗಿ ತಲೆನೋವು ಇಳಿಸಿಕೋ. ಬಸ್ಸಿನಲ್ಲಿ ಆದದ್ದು ‘ಐ ಫೆಲ್ ಅಸ್ಲೀಪ್’.

ಉಳಿದ ಮೂರರ ‘ಆಫ್’ ನಮಗೆ ಚಿರಪರಿಚಿತ. ಕನ್ನಡದ ‘ಹೋಗು’, ‘ಬಿಡು’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ: ನಿದ್ದೆ ‘ಹೋದೆ’, ಮಲಗಿ‘ಬಿಟ್ಟೆ’. ಎಚ್ಚರದ ದಡದಿಂದ ಕಾಲು ಜಾರಿದ ಕ್ಷಣವನ್ನು ‘ಆಫ್’ ಹಿಡಿಯುತ್ತದೆ. ‘ನಾಡ್ ಆಫ್’ ಅಪ್ಪಟ ತೂಕಡಿಕೆ. ಕುಳಿತೇ ಇರಬೇಕು, ತಲೆ ಮುಂದಕ್ಕೆ ಬೀಳಬೇಕು. ಹಾಸಿಗೆಯಲ್ಲಿ ಮಲಗಿದವರಿಗೆ ಅಷ್ಟಾಗಿ ಒಗ್ಗುವುದಿಲ್ಲ. ಹರಿಕಥೆಯ ಮುಂದಿನ ಸಾಲಿನ ಅಜ್ಜನಿಗೂ, ರಾತ್ರಿ ಲಾರಿ ಓಡಿಸುವ ಚಾಲಕನಿಗೂ ಸಲ್ಲುತ್ತದೆ. ಚಾಲಕ ನಿದ್ದೆಗೆ ಜಾರಿದ ಅಪಘಾತದ ಸುದ್ದಿಯಲ್ಲಿ ‘ನಾಡೆಡ್ ಆಫ್ ಅಟ್ ದ ವೀಲ್’ ಎಂದು ಓದಿರುತ್ತೀರಿ. ‘ಡೋಜ್ ಆಫ್’ ಮಂಪರು, ಹಗಲಿನ ಹಗುರ ನಿದ್ದೆ, ಕುಳಿತೂ ಆಗಬಹುದು ಒರಗಿಯೂ ಆಗಬಹುದು.

‘ಡ್ರಾಪ್ ಆಫ್’ ಸ್ವಲ್ಪ ತಂಟೆಯದು. ಕರ್ಮವಿಲ್ಲದೆ ಹೇಳಿದರೆ ನಿದ್ದೆಗೆ ಜಾರುವುದು: ‘ಐ ಡ್ರಾಪ್ಡ್ ಆಫ್ ಅರೌಂಡ್ ಟೂ’. ಕರ್ಮ ಸೇರಿದರೆ ಬಿಟ್ಟುಬರುವುದು: ‘ಐ ಡ್ರಾಪ್ಡ್ ಹರ್ ಆಫ್ ಅಟ್ ಮೆಜೆಸ್ಟಿಕ್’. ಮಾರಾಟವೋ ಹಾಜರಿಯೋ ಕರ್ತೃವಾದರೆ ಇಳಿಮುಖವಾಗುವುದು. ಒಂದು ‘ಹರ್’ ಬಿಟ್ಟುಹೋದರೆ ಅವಳನ್ನು ಮೆಜೆಸ್ಟಿಕ್ಕಿನಲ್ಲಿ ಇಳಿಸಿದ ಬದಲು ನೀವೇ ಅಲ್ಲಿ ನಿದ್ದೆ ಹೋದಂತಾಗುತ್ತದೆ.

ಪ್ರಶ್ನೆ: ಕೇಳುಗರ ಬೇಸರಕ್ಕೆ ಇಷ್ಟು ಪದಗಳಾದರೆ, ಬೇಸರ ಹುಟ್ಟಿಸುವ ಭಾಷಣಕಾರರಿಗೆ? (ತುಮಕೂರಿನ ಓದುಗರು)

ಉತ್ತರ: ಅವರಿಗೆ ‘ಆನ್’ ಸೇರಿದ ಪದಗಳು ಮೀಸಲು. ‘ಆಫ್’ ನಮ್ಮ ‘ಹೋಗು’ ಆದರೆ ‘ಆನ್’ ನಮ್ಮ ‘-ತ್ತಲೇ ಇರು’. ಕಾರ್ಯಕ್ರಮ ಎಳೆಯುತ್ತಲೇ ಇದ್ದರೆ ‘ಡ್ರ್ಯಾಗ್ ಆನ್’. ಇದಕ್ಕೆ ಕರ್ತೃ ಸಭೆ, ಮೊಕದ್ದಮೆ, ಮಳೆಗಾಲ ಮುಂತಾದ್ದು, ಮನುಷ್ಯನಲ್ಲ. ಮನುಷ್ಯ ಎಳೆದರೆ ‘ಡ್ರೋನ್ ಆನ್’: ‘ಹಿ ಡ್ರೋನ್ಡ್ ಆನ್ ಅಬೌಟ್ ಹಿಸ್ ಫಾರಿನ್ ಟ್ರಿಪ್’.

‘ಡ್ರೋನ್’ ಅಂದರೆ ಗಂಡುಜೇನು, ಇಂಗ್ಲಿಷಿನಲ್ಲಿ ಬಹಳ ಹಳೆಯ ಪದ. ಅದರ ಒಂದೇ ಸಮನೆ ಗುಂಯ್‌ಗುಡುವ ಸದ್ದಿನಿಂದ ಏಕತಾನದ ಮಾತಿಗೂ ಬಂತು. ಸಂಗೀತದವರು ಬೇಸರಿಸಬೇಕಿಲ್ಲ: ತಂಬೂರಿಯ ಶ್ರುತಿಗೂ ಇಂಗ್ಲಿಷಿನಲ್ಲಿ ‘ಡ್ರೋನ್’ ಎಂದೇ ಹೇಳುತ್ತಾರೆ, ಅಲ್ಲಿ ಅದು ಗೌರವದ ಪದ. ಶ್ರುತಿ ಇದೆ, ಹಾಡು ಮಾತ್ರ ಇಲ್ಲ ಎಂಬಂಥ ಭಾಷಣವೇ ‘ಡ್ರೋನ್ ಆನ್’. ಆದ್ದರಿಂದ ಇದು ಸ್ವರದ ಏರಿಳಿತವಿಲ್ಲದವರಿಗೆ ಸರಿ. ಕಿರುಚಾಡುತ್ತಾ ಬೇಸರ ತರಿಸುವವರಿಗೆ ಹೊಂದುವುದಿಲ್ಲ. ಅವರಿಗೆ ಬ್ರಿಟಿಷರ ‘ಬ್ಯಾಂಗ್ ಆನ್ ಅಬೌಟ್’ ಇದೆ, ಬಡಿಯುತ್ತಲೇ ಇರುವುದು. ಅದದೇ ದೂರನ್ನು ಮತ್ತೆ ಮತ್ತೆ ತೆಗೆಯುವವರಿಗೆ ‘ಹಾರ್ಪ್ ಆನ್’. ಹಾರ್ಪ್ ತಂತಿವಾದ್ಯ, ಒಂದೇ ತಂತಿ ಮೀಟುತ್ತಿದ್ದಾರೆ ಎಂದು ಭಾವ. ನಮ್ಮಲ್ಲಿ ಇದನ್ನು ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಇನ್ನೂ ಖಾರವಾಗಿ ಹೇಳುತ್ತದೆ. ‘ರ್‍ಯಾಬಿಟ್ ಆನ್’ ಕೇಳಿ ಮೊಲಕ್ಕೂ ಹರಟೆಗೂ ಏನು ಸಂಬಂಧ ಎಂದು ತಲೆ ಕೆಡಿಸಿಕೊಳ್ಳಬೇಡಿ. ಪೂರ್ವ ಲಂಡನ್ನಿನ ಕಾಕ್ನಿ ಜನ ಪ್ರಾಸದ ಗುಪ್ತಭಾಷೆ ಕಟ್ಟಿಕೊಂಡಿದ್ದರು. ‘ಟಾಕ್’ಗೆ ಪ್ರಾಸವಾಗಿ ‘ರ್‍ಯಾಬಿಟ್ ಅಂಡ್ ಪೋರ್ಕ್’ ಎಂದರು, ಆಮೇಲೆ ಪ್ರಾಸದ ಪದವನ್ನೇ ಬಿಟ್ಟು ಮೊಲವನ್ನಷ್ಟೇ ಉಳಿಸಿಕೊಂಡರು.

ಪ್ರಶ್ನೆ: ‘ಬೋರ್ ಔಟ್’ ಅಂತ ಬಳಸಬಹುದೇ? ಒಂದು ವರದಿಯಲ್ಲಿ ‘ದ ರಿಸಲ್ಟ್ಸ್ ಬೋರ್ ಔಟ್ ಅವರ್ ಫಿಯರ್ಸ್’ ಎಂದಿತ್ತು. (ಬೆಂಗಳೂರಿನ ಓದುಗರು)

ಉತ್ತರ: ಆ ವರದಿಗೆ ಬೇಸರದ ಸೋಂಕೇ ಇಲ್ಲ. ‘ಬೇರ್ ಔಟ್’ ಎಂದರೆ ಸಮರ್ಥಿಸು, ನಿಜವೆಂದು ತೋರಿಸು. ಅದರ ಭೂತಕಾಲ ‘ಬೋರ್ ಔಟ್’. ‘ನಮ್ಮ ಆತಂಕ ನಿಜವೆಂದು ಫಲಿತಾಂಶ ತೋರಿಸಿತು’ ಎಂದು ವಾಕ್ಯದ ಅರ್ಥ. ಬೇಸರದ ‘ಬೋರ್’ಗೆ ‘ಔಟ್’ ಹತ್ತಬೇಕೆಂದರೆ ‘ಬೋರ್ಡ್ ಔಟ್ ಆಫ್ ಮೈ ಮೈಂಡ್’ ಎಂದು ಪೂರ್ತಿ ಹೇಳಬೇಕು. ಕೆಲಸವೇ ಇಲ್ಲದೆ ಕಚೇರಿಯಲ್ಲಿ ಬಸವಳಿಯುವ ಸ್ಥಿತಿಗೆ ‘ಬರ್ನೌಟ್’ ಮಾದರಿಯಲ್ಲಿ ‘ಬೋರೌಟ್’ ಎಂಬ ನಾಮಪದವಿದೆ. ಸ್ವಿಟ್ಜರ್ಲೆಂಡಿನ ಇಬ್ಬರು ಸಲಹೆಗಾರರು 2007ರಲ್ಲಿ ಅದನ್ನು ಪ್ರಚಾರಕ್ಕೆ ತಂದರು. ಅದನ್ನು ಕ್ರಿಯಾಪದ ಮಾಡಬೇಡಿ.

ಪ್ರಶ್ನೆ: ‘ಫೆಡಪ್’ ಒಂದು ಪದವೋ ಎರಡೋ? (ಕಲಬುರಗಿಯ ಓದುಗರು)

ಉತ್ತರ: ಎರಡು: ‘ಫೆಡ್ ಅಪ್’. ‘ಫೀಡ್’ ಎಂಬುದರ ರೂಪ, ತಿನ್ನಿಸಿ ತಿನ್ನಿಸಿ ಇನ್ನು ಸಾಕು ಎಂಬ ಹಂತ. ಈಗಿನ ಬಳಕೆಯಲ್ಲಿ ಅದು ಗುಣವಾಚಕ. ಬರೀ ಬೇಸರವಲ್ಲ, ಸಿಟ್ಟೂ ಸೇರಿರಬೇಕು. ‘ರೋಸಿಹೋಗಿದೆ’ ಎಂಬುದೇ ಸರಿಸಮ. ಬರೆಯುವಾಗ ಮುಂದೆ ‘ವಿತ್’ ಹಾಕಿ. ‘ಫೆಡ್ ಅಪ್ ಫ್ರಮ್’ ತಪ್ಪು.

ಪ್ರಶ್ನೆ: ಇಂಗ್ಲಿಷ್ ಕಥೆಯೊಂದನ್ನು ಅನುವಾದಿಸುತ್ತಿದ್ದೇನೆ. ನಾಯಕಿ ಪುಟಕ್ಕೊಮ್ಮೆ ‘ಝೋನ್ ಔಟ್’ ಆಗುತ್ತಾಳೆ. ಪ್ರತಿ ಸಲವೂ ‘ಅನ್ಯಮನಸ್ಕಳಾದಳು’ ಎಂದು ಬರೆದು ನನಗೇ ಬೇಸರ ಬಂದಿದೆ. (ಶಿವಮೊಗ್ಗದ ಅನುವಾದಕರು)

ಉತ್ತರ: ‘ಅನ್ಯಮನಸ್ಕ’ ತಪ್ಪಲ್ಲ, ಆದರೆ ಅದು ಪಂಚೆ ಉಟ್ಟು ಶಲ್ಯ ಹೊದ್ದ ಪದ, ನಿಮ್ಮ ನಾಯಕಿಯದು ಜೀನ್ಸ್ ಭಾಷೆ. ಪದಕ್ಕೆ ಪದ ಹುಡುಕದೆ ಆ ಗಳಿಗೆಯನ್ನು ನೋಡಿ. ಅವಳೇ ಹೇಳಿಕೊಂಡರೆ ‘ಎಲ್ಲೋ ಕಳೆದುಹೋಗಿದ್ದೆ’. ಇನ್ನೊಬ್ಬರು ಛೇಡಿಸಿದರೆ ‘ಎಲ್ಲಿದೀಯಮ್ಮಾ?’ ತರಗತಿಯಲ್ಲಾದರೆ ಪರಧ್ಯಾನ. ಅವಳ ಮುಖ ನೋಡಿದವರು ಹೇಳುವುದಾದರೆ ‘ಕಣ್ಣು ನನ್ನ ಮೇಲಿತ್ತು, ನೋಟ ಇರಲಿಲ್ಲ’. ‘ಮೈಮರೆತಳು’ ಎಂದು ಮಾತ್ರ ಬರೆಯಬೇಡಿ. ನಾವು ಮೈಮರೆಯುವುದು ಹಾಡಿನಲ್ಲಿ, ಆಟದಲ್ಲಿ, ಅಂದರೆ ಮುಳುಗಿದಾಗ. ಅದು ‘ಝೋನ್ ಔಟ್’ಗೆ ತದ್ವಿರುದ್ಧವಾದ ‘ಇನ್ ದ ಝೋನ್’ ಹತ್ತಿರದ್ದು.

ಮಾತಾಡಿ ಬೇಸರಪಡಿಸುವ ಪಾತ್ರವೂ ಕಥೆಯಲ್ಲಿದ್ದರೆ ನಿಮಗೆ ‘ಕೊರೆ’ ಇದೆ: ‘ಒಂದು ಗಂಟೆ ಕೊರೆದ’, ‘ಅವನದೊಂದು ಬೈರಿಗೆ’. ಇಂಗ್ಲಿಷಿನ ‘ಬೋರ್’ಗೂ ತೂತು ಕೊರೆಯುವ ಅರ್ಥವಿದೆ. ನಮ್ಮ ಹೊಲದ ಬೋರ್‌ವೆಲ್ ಬಂದದ್ದು ಅಲ್ಲಿಂದಲೇ. ಆದರೆ ಬೇಸರದ ‘ಬೋರ್’ ಆ ಕೊರೆತದಿಂದಲೇ ಹುಟ್ಟಿತೆಂದು ಅಡಿಟಿಪ್ಪಣಿ ಬರೆಯಲು ಹೋಗಬೇಡಿ. ಅದು 18ನೇ ಶತಮಾನದ ನಡುಭಾಗದ ನಂತರ ಕಾಣಿಸಿಕೊಂಡ ಬಳಕೆ, ಅದರ ಮೂಲ ಗೊತ್ತಿಲ್ಲವೆಂದೇ ದೊಡ್ಡ ನಿಘಂಟುಗಳು ನಮೂದಿಸುತ್ತವೆ. ಕನ್ನಡದ ‘ಕೊರೆ’ಗೆ ಆ ಅನುಮಾನವಿಲ್ಲ, ಅದು ನೇರವಾಗಿ ಬಡಗಿಯ ಬೈರಿಗೆಯಿಂದಲೇ ಬಂದಿದೆ. ನಿಮ್ಮ ಕಥೆಯ ಪಾತ್ರಗಳ ಬಾಯಿಗೆ ಧಾರಾಳವಾಗಿ ಹಾಕಿ.